ಹಳೆಯ ಸಿಎನ್‌ಸಿ ಲೇತ್ ಕೊಳ್ಳುವ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರವೂ ಎರಡು ಯಂತ್ರಗಳ ಫೋಟೋಗಳೂ ತಲುಪಿದವು. ಹುಬ್ಬಳ್ಳಿ ಗೋಕುಲ ರಸ್ತೆಯ ಶೆಡ್ಡಿಗೆ ಹಳೆಯ ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ, ತರುವ ಯೋಚನೆಗೆ ನನ್ನ ಒಪ್ಪಿಗೆ ಇದೆ. ವಾಲ್ವ್ ಕಂಪನಿಗಳಿಗೆ ಸ್ಟೆಮ್, ಸೀಟ್ ರಿಂಗ್, ಗ್ಲ್ಯಾಂಡ್ ಬುಷ್ ಮಾಡಿಕೊಡಲು ಹೊರಟವನಿಗೆ ಹೊಸ ಯಂತ್ರದ ಕಂತು ಮೊದಲ ವರ್ಷವೇ ಕತ್ತು ಹಿಡಿಯುತ್ತದೆ. ಆದರೆ ಹೊಸ ಬಣ್ಣ, ತೊಳೆದ ಬೆಡ್ಡು, ದಲ್ಲಾಳಿಯ ನಾಲಿಗೆ ನೋಡಿ ಮುಂಗಡ ಕೊಡಬೇಡ. ಬೆಂಗಳೂರಿನ ಪೀಣ್ಯಕ್ಕೆ ಬೆಳಿಗ್ಗೆಯೇ ಹೋಗಿ, ಯಂತ್ರ ತಣ್ಣಗಿರುವಾಗ ನಿನ್ನೆದುರೇ ಚಾಲೂ ಮಾಡಿಸಿ, ನಿನ್ನದೇ ಸರಕು ಕತ್ತರಿಸಿ ನೋಡಿದ ಮೇಲಷ್ಟೇ ಬೆಲೆಯ ಮಾತು. "ಗೋಡೌನ್‌ನಲ್ಲಿದೆ, ಕರೆಂಟ್ ಇಲ್ಲ, ನಿಮ್ಮಲ್ಲಿ ಬಂದು ಚಾಲೂ ಮಾಡಿಕೊಡ್ತೀವಿ" ಅಂದರೆ ಗುಜರಿ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟು.

ಮೊದಲು ಜಾಬ್ (ಮಾಡಿಕೊಡಬೇಕಾದ ಭಾಗ) ನೋಡು, ಆಮೇಲೆ ಯಂತ್ರ. 165 ಎಂಎಂ ಚಕ್ಕಿನ (ಜಾಬ್ ಹಿಡಿದುಕೊಳ್ಳುವ ಭಾಗ) ಯಂತ್ರದಲ್ಲಿ ಡ್ರಾ ಟ್ಯೂಬಿನೊಳಗೆ (ಚಕ್ ಎಳೆಯುವ ಟೊಳ್ಳು ಕೊಳವೆ) ಹೋಗುವ ಬಾರ್ ಸಾಮಾನ್ಯವಾಗಿ 45 ಎಂಎಂ ಒಳಗೇ. ಹಿಂದಿನ ಹೈಡ್ರಾಲಿಕ್ ಸಿಲಿಂಡರ್ ಟೊಳ್ಳಾಗಿಲ್ಲದಿದ್ದರೆ ಅದೂ ಹೋಗುವುದಿಲ್ಲ, ಉದ್ದನೆಯ ಸ್ಟೆಮ್ಮಿನ ಕೆಲಸ ಅಲ್ಲಿಗೇ ನಿಂತಿತು. ಸೀಟ್ ರಿಂಗ್ ವಿಷಯ ಇನ್ನೂ ಸೂಕ್ಷ್ಮ. 200 ಎಂಎಂ ವ್ಯಾಸದ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರಿಂಗನ್ನು ನಿಮಿಷಕ್ಕೆ 120 ಮೀಟರ್ ವೇಗದಲ್ಲಿ ತಿರುಗಿಸಿದರೆ ಚಕ್ ತಿರುಗಿಸುವ ಸ್ಪಿಂಡಲ್ ಸುಮಾರು 190 ಆರ್‌ಪಿಎಂ. ಎಸಿ ಸ್ಪಿಂಡಲ್ ಮೋಟರಿಗೆ ಪೂರ್ತಿ ಶಕ್ತಿ ಬರುವುದು ಅದರ ಬೇಸ್ ಸ್ಪೀಡ್ ಮುಟ್ಟಿದ ಮೇಲೆ. ಅದು 1500 ಇದ್ದು, ಬೆಲ್ಟ್ ಅನುಪಾತ 1:1 ಆಗಿದ್ದರೆ, ಪ್ಲೇಟಿನ ಮೇಲೆ 7.5 ಕಿಲೋವಾಟ್ ಎಂದು ಬರೆದಿದ್ದರೂ 190ರಲ್ಲಿ ನಿನ್ನ ಕೈಗೆ ಸಿಗುವುದು ಒಂದು ಕಿಲೋವಾಟ್‌ಗಿಂತ ತುಸು ಕಡಿಮೆ. 2 ಎಂಎಂ ಆಳ, ಸುತ್ತಿಗೆ 0.2 ಎಂಎಂ ಫೀಡಿನ ಕಟ್‌ಗೆ ಎಸ್‌ಎಸ್‌ನಲ್ಲಿ ಎರಡು ಕಿಲೋವಾಟ್‌ಗೂ ಮೇಲೆ ಬೇಕು. ಚಕ್ಕಿನಲ್ಲಿ ರಿಂಗ್ ಹಿಡಿಯುತ್ತದೆ ಅಂದ ಮಾತ್ರಕ್ಕೆ ಯಂತ್ರ ಅದನ್ನು ಕತ್ತರಿಸುತ್ತದೆ ಎಂದುಕೊಳ್ಳಬೇಡ.

ಇನ್ನು ನೀನು ನೋಡಿರುವ ಎರಡು ಯಂತ್ರಗಳು. ಜಪಾನಿನದರ ಕಬ್ಬಿಣ ಒಳ್ಳೆಯದು, ಬಾಕ್ಸ್ ವೇ (ಬೆಡ್ಡಿನಲ್ಲೇ ಕಡೆದ ಅಗಲ ಜಾರುಪಟ್ಟಿ), ಎಸ್‌ಎಸ್‌ಗೆ ಹೇಳಿ ಮಾಡಿಸಿದ್ದು. ಆದರೆ ಕಂಟ್ರೋಲ್ (ಯಂತ್ರ ನಡೆಸುವ ಕಂಪ್ಯೂಟರ್) ಫ್ಯಾನಕ್ ಕಂಪನಿಯ 0-ಟಿಸಿ, 1990ರ ದಶಕದ್ದು. ಅದಕ್ಕೆ ಕಾರ್ಡ್ ಸ್ಲಾಟ್ ಇಲ್ಲ, ಆರ್‌ಎಸ್-232 ಕೇಬಲ್ ಒಂದೇ ದಾರಿ. ಪ್ಯಾರಾಮೀಟರ್‌ಗಳು (ಯಂತ್ರದ ಸೆಟ್ಟಿಂಗ್ ಅಂಕಿಗಳು) ಮೂರು ಡಿ ಸೈಜ್ ಸೆಲ್ಲುಗಳ ಮೇಲೆ ಬದುಕಿರುತ್ತವೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಯಂತ್ರದಲ್ಲಿ ಸೆಲ್ ಸತ್ತು ಮೆಮೊರಿ ಅಳಿಸಿಹೋಗಿರುವುದು ಅಪರೂಪವಲ್ಲ. 900ರ ಸರಣಿಯ ಪ್ಯಾರಾಮೀಟರ್‌ಗಳು ಯಾವ ಆಪ್ಷನ್ ತೆರೆದಿದೆ ಎಂದು ಹೇಳುವಂಥವು, ಅವು ಹೋದರೆ ಊಹಿಸಿ ತುಂಬಲು ಬರುವುದಿಲ್ಲ. ಬಾಗಿಲ ಒಳಗೆ ಅಂಟಿಸಿದ ಪ್ಯಾರಾಮೀಟರ್ ಹಾಳೆ ಇದೆಯೇ ನೋಡು. ಇದ್ದರೆ ಯಂತ್ರದ ಜಾತಕವೇ ಸಿಕ್ಕಂತೆ. ಜೊತೆಗೆ ಅದು 200 ವೋಲ್ಟ್ ಯಂತ್ರ, ನಮ್ಮ 415ಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕು. ದಲ್ಲಾಳಿ ಅದನ್ನು ಬೆಲೆಯಲ್ಲಿ ಸೇರಿಸಿರುವುದಿಲ್ಲ.

ಎರಡನೆಯದು, 0ಐ ಮೇಟ್ ಟಿಸಿ ಎಂಬ ಫ್ಯಾನಕ್ ಕಂಟ್ರೋಲ್ ಇರುವ ನಮ್ಮ ದೇಶದ್ದು, ನಿನ್ನಂಥ ಆರಂಭಕ್ಕೆ ಹೆಚ್ಚು ಹೊಂದುತ್ತದೆ. ಕಾರ್ಡ್ ಸ್ಲಾಟ್ ಇದೆ. ಪರದೆಯ ಕೆಳಗಿನ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿ ಹಿಡಿದು ಪವರ್ ಕೊಟ್ಟರೆ ಬೂಟ್ ಸ್ಕ್ರೀನ್ ಬರುತ್ತದೆ, ಅಲ್ಲಿಂದ ಇಡೀ ಎಸ್‌ರ‍್ಯಾಮ್ (ಪ್ಯಾರಾಮೀಟರ್, ಪ್ರೋಗ್ರಾಮ್ ಇರುವ ಮೆಮೊರಿ) ಬ್ಯಾಕಪ್ ಒಂದು ಸಿಎಫ್ ಕಾರ್ಡಿಗೆ ಇಳಿಯುತ್ತದೆ. ಲ್ಯಾಡರ್ (ಯಂತ್ರದ ಸ್ವಿಚ್, ವಾಲ್ವ್ ನಡೆಸುವ ಪ್ರೋಗ್ರಾಮ್) ಪ್ರತ್ಯೇಕ, ಅದನ್ನೂ ಇಳಿಸಿಕೋ. ಹಣ ಕೊಡುವ ದಿನವೇ, ಯಂತ್ರ ಬಿಚ್ಚುವ ಮೊದಲು ಈ ಕೆಲಸ ಆಗಲಿ. ಬ್ಯಾಟರಿ ಬದಲಿಸುವುದು ಯಾವತ್ತೂ ಪವರ್ ಆನ್ ಇರುವಾಗಲೇ. ಇದಕ್ಕೂ ಒಂದು ಕೊರತೆ ಇದೆ: ಇವುಗಳಲ್ಲಿ ಬಹಳಷ್ಟಕ್ಕೆ ಸ್ಪಿಂಡಲ್ ಮತ್ತು ಸರ್ವೋ ಡ್ರೈವ್ (ಮೋಟರುಗಳಿಗೆ ಕರೆಂಟ್ ಕೊಡುವ ಘಟಕಗಳು) ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಒಂದು ಸುಟ್ಟರೆ ಪೂರ್ತಿ ಪೆಟ್ಟಿಗೆ ಬಿಚ್ಚಿ ರಿಪೇರಿಗೆ ಕಳಿಸಬೇಕು. ಪ್ಯಾನೆಲ್ ಬಾಗಿಲು ತೆರೆಸಿ ಡ್ರೈವ್ ಫ್ಯಾನುಗಳು ತಿರುಗುತ್ತಿವೆಯೇ, ಎಣ್ಣೆ ಸೇರಿದ ಧೂಳು ಬೋರ್ಡುಗಳ ಮೇಲೆ ಕೂತಿದೆಯೇ ನೋಡು. ಡ್ರೈವ್ ಸಾಯುವುದು ಬಹುಪಾಲು ಅದರಿಂದಲೇ.

ಚಾಲೂ ಆದ ಮೇಲೆ 0ಐನಲ್ಲಿ ಪ್ಯಾರಾಮೀಟರ್ 6750 ನೋಡು, ಒಟ್ಟು ಪವರ್ ಆನ್ ಕಾಲ ನಿಮಿಷಗಳಲ್ಲಿ ಇರುತ್ತದೆ. 6754ರಲ್ಲಿ ಕಟಿಂಗ್ ಕಾಲ. ಕಟಿಂಗ್ ಕಾಲವನ್ನು ಯಾರಾದರೂ ಸೊನ್ನೆ ಮಾಡಿರಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡ. ನಂಬಬೇಕಾದದ್ದು ಮೈಕ್ರಾನ್ ಅಳೆಯುವ ಡಯಲನ್ನು.

ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸಿದಾಗ ಕಾಣುವ ಸಡಿಲ, ಹೀಗೆ ಅಳೆ. ಮ್ಯಾಗ್ನೆಟ್ ಬೇಸನ್ನು ಚಕ್ ಮೇಲೆ ಕೂರಿಸಿ, ಮೈಕ್ರಾನ್ ಡಯಲಿನ ಮೂತಿ ಟರೆಟ್ (ಟೂಲುಗಳನ್ನು ಹಿಡಿದ ತಿರುಗುವ ತಲೆ) ಮುಖಕ್ಕೆ ತಾಗಿಸು. ಹ್ಯಾಂಡ್‌ವೀಲ್ x1ಕ್ಕೆ ಇಟ್ಟು ಒಂದೇ ದಿಕ್ಕಿಗೆ ಹತ್ತಾರು ಕ್ಲಿಕ್ ತಿರುಗಿಸಿ ಸೊನ್ನೆ ಮಾಡು, ಆಮೇಲೆ ಹಿಂದಕ್ಕೆ ತಿರುಗಿಸುತ್ತ ಮುಳ್ಳು ಅಲುಗುವವರೆಗೆ ಎಷ್ಟು ಕ್ಲಿಕ್ ಸತ್ತವು ಎಣಿಸು. ಝಡ್‌ನಲ್ಲಿ (ಬೆಡ್ಡಿನ ಉದ್ದಕ್ಕೆ) ಚಕ್ ಹತ್ತಿರ, ನಡುವೆ, ಟೇಲ್‌ಸ್ಟಾಕ್ (ಬಾರಿನ ಹೊರತುದಿಗೆ ಕೊಡುವ ಆಸರೆ) ತುದಿಯಲ್ಲಿ, ಹೀಗೆ ಮೂರು ಕಡೆ. ಕೆಲಸವೆಲ್ಲ ಚಕ್ ಬದಿಯಲ್ಲೇ ಆಗುವುದರಿಂದ ಟರೆಟ್ ಸರಿಸುವ ಬಾಲ್‌ಸ್ಕ್ರೂ ಅಲ್ಲೇ ಸವೆದಿರುತ್ತದೆ. ಎಕ್ಸ್‌ನಲ್ಲಿ (ಅಡ್ಡಕ್ಕೆ) ಎಚ್ಚರ: ಪರದೆ ತೋರಿಸುವುದು ವ್ಯಾಸ, ಟರೆಟ್ ಸರಿಯುವುದು ಅದರ ಅರ್ಧ. ಪರದೆಯಲ್ಲಿ 20 ಮೈಕ್ರಾನ್ ಬದಲಾದರೆ ಡಯಲಿನಲ್ಲಿ 10 ಬರಬೇಕು. ಇದು ಗೊತ್ತಿಲ್ಲದೆ ಒಳ್ಳೆಯ ಸ್ಕ್ರೂವನ್ನು ಕೆಟ್ಟದ್ದು ಎನ್ನುವವರಿದ್ದಾರೆ.

ಸತ್ತ ಕ್ಲಿಕ್ ಇಲ್ಲವೆಂದು ಕೂಡಲೇ ಹಿಗ್ಗಬೇಡ. 0ಐನಲ್ಲಿ ಪ್ಯಾರಾಮೀಟರ್ 1851, ಹಳೆಯ 0-ಟಿಸಿಯಲ್ಲಿ 535 ಮತ್ತು 536 ತೆಗೆದು ನೋಡು, ಅಲ್ಲಿ ಬ್ಯಾಕ್‌ಲ್ಯಾಶ್ ಪರಿಹಾರದ ಅಂಕಿ ಇರುತ್ತದೆ. ನಾಲ್ಕೈದು ಇದ್ದರೆ ಸಹಜ. 40, 50 ಎಂದಿದ್ದರೆ ಸ್ಕ್ರೂ ಅಥವಾ ಅದರ ಥ್ರಸ್ಟ್ ಬೇರಿಂಗ್ ಸವೆದದ್ದನ್ನು ಅಂಕಿಯಿಂದ ಮುಚ್ಚಿದ್ದಾರೆ. ಟೂಲಿಗೆ ಲೋಡ್ ಬಿದ್ದಾಗ ಆ ಸಡಿಲ ಅಲ್ಲೇ ಇರುತ್ತದೆ. ಬಾಲ್ ವಾಲ್ವಿನ ಗೋಳ ಪ್ರೊಫೈಲ್ ತಿರುಗಿಸುವಾಗ ಎಕ್ಸ್ ದಿಕ್ಕು ಬದಲಾಗುವ ಜಾಗದಲ್ಲಿ ಗೆರೆ ಬಿದ್ದು ಜಾಬ್ ರಿಜೆಕ್ಟ್ ಆಗುತ್ತದೆ. ಸ್ಲಾಂಟ್ ಬೆಡ್ (ಓರೆಯಾದ ಬೆಡ್) ಆದರೆ ಇನ್ನೊಂದು ಪರೀಕ್ಷೆ: ಡಯಲ್ ಹಾಗೇ ಇರಲಿ, ಎಮರ್ಜೆನ್ಸಿ ಒತ್ತು. ಟರೆಟ್ ಹತ್ತಾರು ಮೈಕ್ರಾನ್ ಕೆಳಗೆ ಜಾರಿದರೆ ಎಕ್ಸ್ ಮೋಟರಿನ ಬ್ರೇಕ್ ಸೋತಿದೆ.

ಟರೆಟ್ಟಿನ ಒಂದು ಸ್ಟೇಷನ್ನಿಗೆ ಡಯಲ್ ತಾಗಿಸಿ ಸೊನ್ನೆ ಮಾಡು. ಟರೆಟ್ ದೂರ ಸರಿಸಿ ಪೂರ್ತಿ ಸುತ್ತು ಹಾಕಿಸಿ ಮತ್ತೆ ಅಲ್ಲಿಗೇ ತಾ. 5 ಮೈಕ್ರಾನ್ ಒಳಗೆ ಮರಳಬೇಕು. ಪ್ರತಿ ಸಲ ಬೇರೆ ಬೇರೆ ಅಂಕಿ ತೋರಿಸಿದರೆ ಒಳಗೆ ಟರೆಟ್ಟನ್ನು ಸ್ಥಾನದಲ್ಲಿ ಕೂರಿಸುವ ಕರ್ವಿಕ್ ಕಪ್ಲಿಂಗ್ ಹಲ್ಲಿಗೆ ಪೆಟ್ಟು ಬಿದ್ದಿದೆ ಅಥವಾ ಕ್ಲ್ಯಾಂಪ್ ಸರಿಯಾಗಿ ಕೂರುತ್ತಿಲ್ಲ. ಅಂಥದ್ದನ್ನು ಬಿಟ್ಟುಬಿಡು.

ಸ್ಪಿಂಡಲ್‌ಗೆ, ಚಕ್ ಬಿಚ್ಚಿಸಿ ಮೂತಿಯ ಟೇಪರ್ ಮೇಲೆ ಲಿವರ್ ಡಯಲ್ ಇಟ್ಟು ಕೈಯಿಂದ ತಿರುಗಿಸು. 5 ಮೈಕ್ರಾನ್ ಒಳಗಿದ್ದರೆ ಒಪ್ಪು, 10 ದಾಟಿದರೆ ಬೇರಿಂಗ್ ಖರ್ಚು ಬೆಲೆಯಲ್ಲಿ ಇಳಿಸು. ಬಿಚ್ಚಲು ಮಾಲೀಕ ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಆಮೇಲೆ 500ರಿಂದ ಹಂತಹಂತವಾಗಿ ಗರಿಷ್ಠ ವೇಗಕ್ಕೆ ಏರಿಸಿ ಅರ್ಧ ಗಂಟೆ ಓಡಿಸು. ಮುಂದಿನ ಬೇರಿಂಗ್ ಜಾಗ ಬೆಚ್ಚಗಾಗಲಿ, ಕೈ ಇಡಲಾಗದಷ್ಟು ಸುಡಬಾರದು. ವೇಗ ಇಳಿಯುವಾಗ ಗುರುಗುರು ಸದ್ದು ಕೇಳಿಸಿಕೋ.

ಆಗ ನಿನ್ನ ಸರಕು ಹಾಕು. 50 ಎಂಎಂ ಬಾರ್, 100 ಎಂಎಂ ಹೊರಗೆ, ಟೇಲ್‌ಸ್ಟಾಕ್ ಇಲ್ಲದೆ, ಹೊಸ ಇನ್ಸರ್ಟಿನಿಂದ (ಟೂಲಿನ ಅಲಗು) ತೆಳುವಾದ ಫಿನಿಶ್ ಕಟ್. ಎರಡೂ ತುದಿ ಮೈಕ್ರೋಮೀಟರಿನಲ್ಲಿ ಅಳೆ. ಬಾರ್ ಟೂಲಿನಿಂದ ದೂರ ಬಾಗುವುದರಿಂದ ಹೊರತುದಿ ಒಂದೆರಡು ಮೈಕ್ರಾನ್ ದಪ್ಪ ಬಂದರೆ ಸಹಜ. ಹೊರತುದಿ ಹತ್ತಿಪ್ಪತ್ತು ಮೈಕ್ರಾನ್ ಸಣ್ಣ ಬಂದರೆ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರುವ ಭಾಗ) ಹಿಂದೊಮ್ಮೆ ಕ್ರ್ಯಾಶ್‌ನಲ್ಲಿ ತಿರುಗಿಕೊಂಡಿರಬಹುದು. ಫೇಸಿಂಗ್ (ಜಾಬಿನ ತುದಿಮುಖ ಸಮ ಮಾಡುವ ಕಟ್) ಪರೀಕ್ಷೆಯಲ್ಲಿ ಮೋಸ ಹೋಗುವವರೇ ಹೆಚ್ಚು: ಟರೆಟ್ಟಿಗೆ ಡಯಲ್ ಕಟ್ಟಿ, ಕತ್ತರಿಸಿದ ಬದಿಯಲ್ಲೇ ಓಡಿಸಿದರೆ ಸೊನ್ನೆಯೇ ಬರುತ್ತದೆ, ಟೂಲು ಹೋದ ದಾರಿಯಲ್ಲೇ ಅದೂ ಹೋಗುತ್ತದೆ. ಜಾಬ್ ತೆಗೆದು ಸ್ಟ್ರೇಟ್ ಎಡ್ಜ್ ಇಟ್ಟು ಬೆಳಕಿಗೆ ಹಿಡಿ. ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ನಡೆಯುತ್ತದೆ, ಉಬ್ಬಿದ್ದರೆ ಸೀಟ್ ರಿಂಗಿನ ಕೆಲಸಕ್ಕೆ ಬಾರದು. ಕೊನೆಗೆ ಒಂದೇ ಪ್ರೋಗ್ರಾಮಿನಲ್ಲಿ ಹತ್ತು ಪೀಸ್ ತೆಗೆ. ಬಿಸಿಯಾಗುತ್ತ ಅಳತೆ ಒಂದೇ ಕಡೆ ನಿಧಾನ ಸರಿದರೆ ಆಫ್‌ಸೆಟ್‌ನಲ್ಲಿ ಸರಿಪಡಿಸಬಹುದು. ಅತ್ತಿತ್ತ ನೆಗೆದರೆ ಆ ಯಂತ್ರದ ಮೇಲೆ ಟಾಲರೆನ್ಸ್ ಕೆಲಸ ಒಪ್ಪಿಕೊಳ್ಳಲಾರೆ.

ಲೂಬ್ ಪಂಪ್ ಓಡಿಸಿ ಸ್ಲೈಡುಗಳ ಮೇಲೆ ಎಣ್ಣೆ ನಿಜಕ್ಕೂ ಬರುತ್ತಿದೆಯೇ ನೋಡು. ಟ್ಯಾಂಕ್ ತುಂಬಿದ್ದು ತಿಂಗಳಾದರೂ ಇಳಿದಿಲ್ಲ ಎಂದರೆ ಎಣ್ಣೆ ಅಳೆದು ಬಿಡುವ ಮೀಟರಿಂಗ್ ಕಾರ್ಟ್ರಿಡ್ಜ್ ಕಟ್ಟಿದೆ, ಅಂಥ ಬೆಡ್ ಒಣಗಿ ಸವೆದಿರುತ್ತದೆ.

ಕಾಗದಪತ್ರ: ಯಂತ್ರ ಬ್ಯಾಂಕಿಗೆ ಅಡವಿದ್ದರೆ ಎನ್‌ಒಸಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡ. ಮಾರುವವರು ಜಿಎಸ್‌ಟಿ ನೋಂದಾಯಿತರಾದರೆ ಸರಿಯಾದ ಬಿಲ್, ಜೊತೆಗೆ ಇ-ವೇ ಬಿಲ್. ಒಟ್ಟು ಹಣದ ಕಾಲು ಭಾಗ ಸಾಗಣೆ, ವೈರಿಂಗ್, ಮೊದಲ ರಿಪೇರಿಗೆ ಮುಟ್ಟದೆ ಇಡು.

ಸಾಗಣೆಗೆ ಮುಂಚೆ ಟರೆಟ್ ಮತ್ತು ಅದನ್ನು ಹೊತ್ತು ಜಾರುವ ಸ್ಯಾಡಲಿಗೆ ಬ್ರಾಕೆಟ್ ಹಾಕಿ ಬಿಗಿಸಲಿ, ಟೇಲ್‌ಸ್ಟಾಕ್ ಲಾಕ್ ಆಗಲಿ, ಕೂಲಂಟ್ ಖಾಲಿಯಾಗಲಿ. ನಾನೂರು ಕಿಲೋಮೀಟರ್ ಲಾರಿಯಲ್ಲಿ ಸಡಿಲ ಸ್ಯಾಡಲ್ ಕುಣಿದರೆ ಪೆಟ್ಟು ಬೀಳುವುದು ಬಾಲ್‌ಸ್ಕ್ರೂಗೆ. ಶೆಡ್ಡಿನಲ್ಲಿ ಪ್ರತ್ಯೇಕ ಅರ್ಥಿಂಗ್ ತೋಡಿಸು, ಹೆಸ್ಕಾಂ ಮಂಜೂರು ಮಾಡಿದ ಲೋಡ್ ಸಾಲುತ್ತದೆಯೇ ಈಗಲೇ ಕೇಳು. ಮೊದಲ ಸಲ ಕರೆಂಟ್ ಕೊಟ್ಟಾಗ ಹೈಡ್ರಾಲಿಕ್ ಮೋಟರನ್ನು ಒಂದು ಕ್ಷಣ ಮಾತ್ರ ಓಡಿಸಿ ಬಾಣದ ಗುರುತಿನ ದಿಕ್ಕಿಗೆ ತಿರುಗಿತೇ ನೋಡು. ಉಲ್ಟಾ ತಿರುಗಿದರೆ ಒತ್ತಡ ಬರುವುದಿಲ್ಲ, ಪಂಪ್ ಒಣಗಿ ಹಾಳಾಗುತ್ತದೆ. ಒಳಬರುವ ಎರಡು ಫೇಸ್ ಅದಲುಬದಲು ಮಾಡಿದರೆ ಸಾಕು. ಯಂತ್ರದ ಲೆವೆಲನ್ನು ಪ್ರತಿ ಮೀಟರ್ ಉದ್ದಕ್ಕೆ 0.02 ಎಂಎಂ ಒಳಗೆ ಕೂರಿಸಿ, ತಿಂಗಳು ಕಳೆದ ಮೇಲೆ ಮತ್ತೊಮ್ಮೆ ನೋಡಿಸು.

ಎರಡೂ ಯಂತ್ರಗಳ ಬ್ಯಾಕ್‌ಲ್ಯಾಶ್ ಪ್ಯಾರಾಮೀಟರ್ ಪುಟದ ಫೋಟೋ, ಮೂರು ಕಡೆಯ ಡಯಲ್ ಅಂಕಿಗಳು, ಹತ್ತು ಪೀಸಿನ ಅಳತೆ ನನಗೆ ಕಳಿಸು. ಅವನ್ನು ನೋಡಿ ಯಾವುದಕ್ಕೆ ಎಷ್ಟು ಕೇಳಬಹುದು ಎಂದು ಬರೆಯುತ್ತೇನೆ.

ಇಂತಿ,
ನಿನ್ನ ಮಾವ