ಇಂಗ್ಲಿಷ್ ನುಡಿಗಟ್ಟು: ಬರೀ ಅರ್ಥ ಸಾಲದು

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬರುತ್ತದೆ. ವ್ಯಾಕರಣ ಗೊತ್ತು, ಪ್ರಬಂಧ ಬರೆಯುತ್ತಾರೆ, ಪರೀಕ್ಷೆಯಲ್ಲಿ ಒಳ್ಳೆಯ ಗ್ರೇಡೂ ಸಿಗುತ್ತದೆ. ತೊಡಕಾಗುವುದು ಎದುರಿಗೆ ಕೂತವರು ದಿನಬಳಕೆಯ ಇಂಗ್ಲಿಷಿನಲ್ಲಿ ಮಾತಾಡಿದಾಗ.

ನಮ್ಮ ನೆರೆಮನೆಯ ಹುಡುಗಿ ಬಿ.ಕಾಂ. ಮುಗಿಸಿ ಮಂಗಳೂರಿಗೆ ಇಂಟರ್ವ್ಯೂಗೆ ಹೋಗಿದ್ದಳು. ಅಲ್ಲಿನವರು ಮೊದಲು ಹೇಳಿದ್ದೇ 'ವಾಕ್ ಮಿ ಥ್ರೂ ಯುವರ್ ರೆಸ್ಯೂಮೆ' ಅಂತ. ವಾಕ್ ಗೊತ್ತು, ರೆಸ್ಯೂಮೆ ಕೈಯಲ್ಲೇ ಇದೆ, ಎರಡೂ ಸೇರಿದರೆ ಏನು ಅಂತ ಹೊಳೆಯಲಿಲ್ಲ. ಎದ್ದು ನಿಲ್ಲಬೇಕಾ, ಕೂತಿರಬೇಕಾ ತಿಳಿಯದೆ ಸುಮ್ನೆ ಕೂತುಬಿಟ್ಟಳಂತೆ. ಏನು ಓದಿದ್ದೀರಿ, ಏನು ಮಾಡಿದ್ದೀರಿ ಒಂದೊಂದಾಗಿ ಹೇಳಿ ಅನ್ನುವುದಷ್ಟೇ ಅದು. 'ಸಾರಿ, ಕುಡ್ ಯು ಸೇ ದಟ್ ಅಗೇನ್' ಅಂತ ಒಂದು ಮಾತು ಬಾಯಿಗೆ ಬಂದಿದ್ದರೂ ಸಾಕಿತ್ತು, ಆದರೆ ಅದನ್ನು ಯಾವ ತರಗತಿಯಲ್ಲೂ ಅವಳ ಬಾಯಲ್ಲಿ ಹೇಳಿಸಿರಲಿಲ್ಲ.

ನಾವು ಕಲಿಸುವುದು 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್'. ಮಳೆ ಜೋರಾಗಿದೆ ಅನ್ನಲು 'ಇಟ್ಸ್ ಪೋರಿಂಗ್' ಅಂದರೆ ಆಯಿತು. 'ಕಿಕ್ ದ ಬಕೆಟ್' ಅಂದರೆ ಸಾಯುವುದು ಅಂತ ಗೈಡಿನಲ್ಲಿ ಇರುತ್ತದೆ, ಯಾರ ಮುಂದೆ ಆಡುವ ಮಾತು ಅಂತ ಇರುವುದಿಲ್ಲ. ಸಾವಿನ ಮನೆಗೆ ಹೋಗಿ 'ಅಜ್ಜ ಗೊಟಕ್ ಅಂದ್ರಾ' ಅಂತ ಯಾರಾದರೂ ಕೇಳುತ್ತಾರಾ? ಅಲ್ಲಿ 'ಪಾಸ್ಡ್ ಅವೇ' ಅನ್ನಬೇಕು, 'ಐ ಆ್ಯಮ್ ಸಾರಿ ಫಾರ್ ಯುವರ್ ಲಾಸ್' ಅನ್ನಬೇಕು. ಮೊದಲು ಕಲಿಯಬೇಕಾದ್ದು ಇದು, ಅಲ್ವಾ? ಹಾಗೆಯೇ ಫೋನಿನಲ್ಲಿ 'ಬೇರ್ ವಿತ್ ಮಿ' ಅಂದರೆ ಸ್ವಲ್ಪ ತಾಳಿ, 'ಐ ವಿಲ್ ಪುಟ್ ಯು ಥ್ರೂ' ಅಂದರೆ ಸಂಬಂಧಪಟ್ಟವರಿಗೆ ಲೈನ್ ಕೊಡುತ್ತೇನೆ, ಮೀಟಿಂಗ್ 'ಪುಟ್ ಆಫ್' ಆಗಿದೆ ಅಂದರೆ ಮುಂದಕ್ಕೆ ಹೋಗಿದೆ. ಪುಟ್ ಅಂದರೆ ಇಡುವುದು ಅಂತ ಮಾತ್ರ ಕಲಿತ ಮಗುವಿಗೆ ಇದ್ಯಾವುದೂ ತಲೆಗೆ ಹತ್ತುವುದಿಲ್ಲ.

ಭಾಷೆ ಕಲಿಯುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿ ಕೆಲಸಕ್ಕೆ ಅಂತ ಮಲಯಾಳ ಕಲಿತ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ವ್ಯಾಕರಣದ ಪುಸ್ತಕ ಮುಟ್ಟಿದವರೇ ಅಲ್ಲ. 'ಎಂದಾ ವೇಂಡದ್' (ಏನು ಬೇಕು) ಅಂತ ಎದುರಿನವರು ಕೇಳಿದ್ದನ್ನು ಇಡೀ ಮಾತಾಗಿಯೇ ಕಿವಿಗೆ ಹಾಕಿಕೊಂಡರು, ತಪ್ಪೋ ಒಪ್ಪೋ ಹಾಗೇ ಆಡಿದರು, ಬಂತು. ಇಂಗ್ಲಿಷನ್ನು ಮಾತ್ರ ಯಾಕೆ ಬಿಡಿ ಶಬ್ದಗಳಾಗಿ ಕಂಠಪಾಠ ಮಾಡಿಸಬೇಕು? ತರಗತಿಯಲ್ಲಿ ದಿನಕ್ಕೆ ಹತ್ತು ನಿಮಿಷ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಮಾತಾಡಿಸಲಿ. ಆ ಹೊತ್ತಿನಲ್ಲಿ ತಪ್ಪು ಹಿಡಿಯುವುದು ಬೇಡ.

ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮಲಯಾಳದಲ್ಲಿ ವಿವರಿಸಿ ಇಂಗ್ಲಿಷ್ ಕಲಿಸುವ ವಿಡಿಯೊ ಬೇಕಾದಷ್ಟು ಸಿಗುತ್ತವೆ, ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬೇಕು. ನಿಮ್ಮ ಕಾಸರಗೋಡು ಪುಟದಲ್ಲಿ ವಾರಕ್ಕೊಮ್ಮೆ ಒಂದು ಸಣ್ಣ ಅಂಕಣ ಕೊಡಿ. ಒಂದು ವಾರ ಬ್ಯಾಂಕು, ಒಂದು ವಾರ ಆಸ್ಪತ್ರೆ, ಒಂದು ವಾರ ಫೋನು. ನಾಲ್ಕೇ ಮಾತು ಸಾಕು, ಆದರೆ ಯಾರು ಯಾರಿಗೆ ಹೇಳುವುದು, ಹೇಗೆ ಉಚ್ಚರಿಸುವುದು ಎರಡೂ ಕನ್ನಡದಲ್ಲೇ ಇರಲಿ. ನಿವೃತ್ತರಾದ ಇಂಗ್ಲಿಷ್ ಮಾಷ್ಟ್ರುಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಕೇಳಿದರೆ ಖಂಡಿತ ಬರೆದುಕೊಡುತ್ತಾರೆ.

ಇತಿ,
ಓರ್ವ ಓದುಗ, ಬದಿಯಡ್ಕ