ಕೆಂಪು ಬಾವುಟಕ್ಕೆ ನಿಂತಿದ್ದಕ್ಕೆ ಶಿಕ್ಷೆ: ಡೌನ್‌ಹಿಲ್ ಸೈಕಲ್ ರೇಸ್ ಆಯೋಜಕರಿಗೆ ದೂರು

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಸಕಲೇಶಪುರದ ಬಳಿಯ ಕಾಫಿ ತೋಟದಲ್ಲಿ ಕಳೆದ ಜನವರಿಯಲ್ಲಿ ಹವ್ಯಾಸಿಗಳ ಡೌನ್‌ಹಿಲ್ ರೇಸ್ ನಡೆಸಿದ ಸಂಸ್ಥೆ,
ಬೆಂಗಳೂರು

ವಿಷಯ: ಮರು ಓಟ ನಿರಾಕರಿಸಿದ್ದು, ‘ರೇಸ್ ಪೂರ್ಣಗೊಳಿಸಿಲ್ಲ’ ಎಂದು ತಪ್ಪಾಗಿ ದಾಖಲಿಸಿದ್ದು ಮತ್ತು ಸಾರ್ವಜನಿಕವಾಗಿ ಅವಮಾನಿಸಿದ್ದರ ಕುರಿತು

ಮಾನ್ಯರೇ,

ಈ ವಿಷಯವನ್ನು ಫೋನಿನಲ್ಲಿಯೇ ಮುಗಿಸಬೇಕೆಂದಿದ್ದೆ. ನಿಮ್ಮ ಕಚೇರಿಗೆ ಕರೆ ಮಾಡಿದಾಗಲೆಲ್ಲ ಸಂಬಂಧಪಟ್ಟವರು ಹೊರಗೆ ಹೋಗಿದ್ದಾರೆ ಎಂಬ ಉತ್ತರ ಬರುತ್ತಿತ್ತು. ಬೆಟ್ಟದಲ್ಲಿ ಸೈಕಲ್ ರೇಸ್ ನಡೆಸುವವರು ಹೊರಗೆ ಇರದೆ ಇನ್ನೆಲ್ಲಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ನಿನ್ನೆ ನಿಮ್ಮ ಸಂಸ್ಥೆಯಿಂದ ಒಂದು ಮಿಂಚಂಚೆ ಬಂದಿದೆ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಸಾಧ್ಯವಾಗಲಿಲ್ಲ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಾನು ಹಾಸನದಲ್ಲಿ ಔಷಧದ ಅಂಗಡಿ ನಡೆಸುವವನು. ₹3,800 ಶುಲ್ಕ ಕಟ್ಟಿ ನಲವತ್ತು ದಾಟಿದವರ ವಿಭಾಗದಲ್ಲಿ ಸ್ಪರ್ಧಿಸಿದ್ದೆ. ಡೌನ್‌ಹಿಲ್‌ನಲ್ಲಿ ಒಬ್ಬೊಬ್ಬರನ್ನೇ ಅಂತರ ಬಿಟ್ಟು ಕಳಿಸುತ್ತಾರೆ, ಒಂದೇ ಇಳಿತ, ಅದರ ಸಮಯವೇ ಫಲಿತಾಂಶ ಎಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹಾಗೆಯೇ ನಿಮ್ಮ ನಿಯಮ ಪುಸ್ತಿಕೆಯ 14ನೇ ನಿಯಮವೂ ನಿಮಗೆ ಗೊತ್ತಿರಬೇಕು: ಕೆಂಪು ಬಾವುಟ ಕಂಡ ಸವಾರ ತಕ್ಷಣ ನಿಲ್ಲಬೇಕು, ನಿಂತವನು ಕೆಳಗೆ ಬಂದು ಅಧಿಕಾರಿಗೆ ತಿಳಿಸಿ ಮರು ಓಟ, ಅಂದರೆ ಮೇಲಿನಿಂದ ಮತ್ತೊಮ್ಮೆ ಇಳಿಯುವ ಅವಕಾಶ, ಕೇಳಬಹುದು. 15ನೇ ನಿಯಮದ ಪ್ರಕಾರ ನಿಲ್ಲದವನು ಅನರ್ಹ. ಇದು ನೀವು ಕಂಡುಹಿಡಿದ ನಿಯಮವೂ ಅಲ್ಲ. ಬಾವುಟ ಕಂಡರೆ ನಿಲ್ಲಬೇಕು, ನಿಂತವನು ಮರು ಓಟ ಕೇಳಬಹುದು ಎಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಕೂಡ ಹೇಳುತ್ತದೆ. ಪುಸ್ತಿಕೆಯ ಮೊದಲ ಪುಟದಲ್ಲಿ ಯುಸಿಐ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಕೊಂಡಿದ್ದೀರಿ. ನಿಮ್ಮ ನಿರೂಪಕರಂತೂ ಬೆಳಿಗ್ಗೆಯಿಂದ ಮೈಕಿನಲ್ಲಿ ‘ಒಲಿಂಪಿಕ್ಸ್ ಕ್ರೀಡೆ, ಒಲಿಂಪಿಕ್ಸ್ ಕ್ರೀಡೆ’ ಎಂದು ಕೂಗುತ್ತಿದ್ದರು. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿರುವುದು ಏರು, ಇಳಿವು ಎರಡೂ ಇರುವ ಕ್ರಾಸ್ ಕಂಟ್ರಿ ಸೈಕಲ್ ರೇಸ್. ಡೌನ್‌ಹಿಲ್ ಇಂದಿಗೂ ಅಲ್ಲಿಗೆ ಹೋಗಿಲ್ಲ. ಇರಲಿ, ಅದಕ್ಕೂ ಈ ದೂರಿಗೂ ಸಂಬಂಧವಿಲ್ಲ.

ಬಂಡೆಗಳ ಇಳಿಜಾರನ್ನು ದಾಟಿ ಸಿಲ್ವರ್ ಓಕ್ ಮರಗಳ ನಡುವಿನ ಎಡ ತಿರುವಿಗೆ ಬಂದಾಗ ಕಿತ್ತಳೆ ಅಂಗಿ ತೊಟ್ಟ, ದಾರಿ ಕಾಯುವ ನಿಮ್ಮ ಮಾರ್ಷಲ್ ಎರಡೂ ಕೈಗಳಿಂದ ಕೆಂಪು ಬಾವುಟ ಬೀಸುತ್ತಿದ್ದ. ನಿಂತೆ. ಬ್ರೇಕಿನ ಡಿಸ್ಕ್‌ಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಹತ್ತು ಮಾರು ಕೆಳಗೆ, ಕೆಮ್ಮಣ್ಣಿನಿಂದ ಎದ್ದ ಬೇರಿಗೆ ಚಕ್ರ ಸಿಕ್ಕಿ ನನ್ನ ಮುಂದೆ ಹೊರಟಿದ್ದ ಹುಡುಗ ಬಿದ್ದಿದ್ದ. ಎಡಗೈಯನ್ನು ಎದೆಗೆ ಒತ್ತಿ ಹಿಡಿದಿದ್ದ, ಕಾಲರ್ ಬೋನ್ ಮುರಿದಿತ್ತು. ಸ್ಟ್ರೆಚರ್ ಬರುವವರೆಗೆ ಅವನ ಹೆಲ್ಮೆಟ್ ಅಲ್ಲಾಡದಂತೆ ಹಿಡಿದುಕೊಂಡು ಕುಳಿತವನು ನಾನು. ಆಂಬುಲೆನ್ಸ್ ಚಾಲಕರು ಆ ಹೊತ್ತಿಗೆ ಎಲ್ಲಿದ್ದರು ಎಂಬುದು ಆ ಹುಡುಗನ ಮನೆಯವರು ಬರೆಯಬೇಕಾದ ಪತ್ರ. ನಾನು ಅದಕ್ಕೆ ಕೈ ಹಾಕುವುದಿಲ್ಲ.

ಬಾವುಟ ಇಳಿದ ಮೇಲೆ ಕೆಳಗೆ ಬಂದೆ. ಸಮಯ ಅಳೆಯುವ ಚಿಪ್ ತೋರಿಸಿದ್ದು 19 ನಿಮಿಷ 12 ಸೆಕೆಂಡ್. ನಿಮ್ಮ ಸಮಯ ಮಿತಿ 10 ನಿಮಿಷ. ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಡಿಎನ್‌ಎಫ್, ಅಂದರೆ ‘ರೇಸ್ ಪೂರ್ಣಗೊಳಿಸಿಲ್ಲ’, ಎಂದು ಬಂತು.

ಮುಂದಿನದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ನಿಮ್ಮ ಕಚೇರಿಯವರು ಫೋನಿನಲ್ಲಿ ಅದನ್ನು ‘ಸಣ್ಣ ತಪ್ಪು ತಿಳಿವಳಿಕೆ’ ಎಂದು ಕರೆದರು.

ಫಲಿತಾಂಶದ ಮೇಜಿನ ಹಿಂದೆ ನಿಮ್ಮ ರೇಸ್ ನಿರ್ದೇಶಕರು ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಊಟದ ಹೊತ್ತು, ತಿನ್ನುವುದು ತಪ್ಪಲ್ಲ. ಆದರೆ ತಟ್ಟೆಯನ್ನು ಅವರು ಇಟ್ಟುಕೊಂಡಿದ್ದುದು ಆಕ್ಷೇಪಣೆ ಅರ್ಜಿಗಳ ಕಟ್ಟಿನ ಮೇಲೆ. ಮೇಲಿನ ಅರ್ಜಿಯಲ್ಲಿ ‘ಆಕ್ಷೇಪಣೆಯ ವಿವರ’ ಎಂಬಲ್ಲಿ ಕಾಯಿ ಚಟ್ನಿಯ ಹನಿ ಬಿದ್ದಿತ್ತು. ಇಡೀ ಕಟ್ಟಿನಲ್ಲಿ ಯಾವುದಾದರೂ ವಿವರ ದಾಖಲಾಗಿದ್ದರೆ ಅದೊಂದೇ ಇರಬೇಕು.

“ಸರ್, ಕೆಂಪು ಬಾವುಟ ತೋರಿಸಿ ನನ್ನನ್ನು ನಿಲ್ಲಿಸಿದರು. ಮರು ಓಟ ಕೊಡಬೇಕು” ಎಂದೆ.

“ಯಾವ ಬಾವುಟ?”

“ಕೆಂಪು ಬಾವುಟ. ಏಳನೇ ಮಾರ್ಷಲ್ ನಿಂತಿದ್ದ ಜಾಗದಲ್ಲಿ.”

ಎಡಗೈಯಿಂದ ವಾಕಿಟಾಕಿ ಎತ್ತಿ “ಏಳು, ಏಳು” ಎಂದು ಕರೆದರು. ಏಳನೆಯವನು ಏಳಲಿಲ್ಲ. ವಾಕಿಟಾಕಿಯನ್ನು ತಿರುಗಿಸಿ ನೋಡಿದರು, ಅಂಗೈಗೆ ಎರಡು ಸಲ ಬಡಿದರು, ಮತ್ತೆ “ಏಳು” ಎಂದರು. ಅದರ ದೀಪವೇ ಹೊತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ “ಅದು ಬೆಳಿಗ್ಗೆಯೇ ಆಫ್ ಆಗಿದೆ ಸರ್” ಎಂದು ಮೆಲ್ಲಗೆ ಹೇಳಿದಳು. ಅವರು ಅದನ್ನು ತಟ್ಟೆಯ ಪಕ್ಕದಲ್ಲಿಟ್ಟು ನನ್ನತ್ತ ತಿರುಗಿದರು.

“ನಮ್ಮ ದಾಖಲೆಯಲ್ಲಿ ಯಾವ ಬಾವುಟವೂ ಇಲ್ಲ ಅಂಕಲ್.”

ಅಲ್ಲಿಯವರೆಗೆ ನಾನು ಯಾರಿಗೂ ಅಂಕಲ್ ಆಗಿರಲಿಲ್ಲ. ಶುಲ್ಕ ಕಟ್ಟಿಸಿಕೊಳ್ಳುವಾಗ ನಿಮ್ಮವರು ‘ಚಾಂಪಿಯನ್’ ಎಂದು ಕರೆದಿದ್ದರು.

“ಹಾಗಾದರೆ ಆ ಮಾರ್ಷಲ್‌ನನ್ನು ಕರೆಸಿ ಕೇಳಿ” ಎಂದೆ.

“ಅವರಿಗೆ ಮಧ್ಯಾಹ್ನದವರೆಗೆ ಮಾತ್ರ ಡ್ಯೂಟಿ. ಹೊರಟುಹೋಗಿರುತ್ತಾರೆ. ಚಿಪ್ ಸುಳ್ಳು ಹೇಳುವುದಿಲ್ಲ.”

ನಾನು ಎಷ್ಟು ಹೊತ್ತಿಗೆ ಬಂದೆ ಎಂಬುದನ್ನು ಚಿಪ್ ಹೇಳುತ್ತದೆ, ಏಕೆ ತಡವಾಯಿತು ಎಂಬುದನ್ನು ಹೇಳುವುದಿಲ್ಲ, ಅದಕ್ಕೆಂದೇ ಮನುಷ್ಯರನ್ನು ನಿಲ್ಲಿಸಿರುತ್ತಾರೆ ಎಂದೆ. ಆಗ ಅವರು ರೊಟ್ಟಿಯ ಇನ್ನೊಂದು ತುಂಡು ಮುರಿದು ಚಟ್ನಿಯಲ್ಲಿ ಅದ್ದಿ, ಬಾಯಿಗಿಡುವ ಮುನ್ನ, ಸಾಲಿನಲ್ಲಿ ನಿಂತಿದ್ದವರಿಗೆಲ್ಲ ಕೇಳುವಂತೆ ಹೇಳಿದ ಮಾತು ಇದು:

“ಇದೇನು ವಿಶ್ವಕಪ್ ಅಲ್ಲ ಅಂಕಲ್. ಬಾವುಟ ಕಂಡರೂ ಪಕ್ಕದಲ್ಲಿ ಜಾಗ ಮಾಡಿಕೊಂಡು ಬಂದುಬಿಡಬೇಕಿತ್ತು. ಮುಂದಿನ ಸಲ ನಿಲ್ಲಬೇಡಿ. ಈ ವಯಸ್ಸಿನಲ್ಲಿ ಕೈಕಾಲು ಮುರಿಯದೆ ಕೆಳಗೆ ಬಂದಿರಲ್ಲ, ಅದೇ ಪದಕ ಎಂದುಕೊಳ್ಳಿ.”

ಹಿಂದಿದ್ದ ಹುಡುಗರು ನಕ್ಕರು. ನನ್ನ ಜೊತೆ ಬಂದಿದ್ದ ಅಕ್ಕನ ಮಗ ಬಗ್ಗಿ, ಬಿಚ್ಚಿರದ ಶೂ ಲೇಸನ್ನು ಕಟ್ಟತೊಡಗಿದ.

ಆಕ್ಷೇಪಣೆಯನ್ನು ಲಿಖಿತವಾಗಿ ಕೊಡುತ್ತೇನೆಂದರೆ ಅವಧಿ ಮುಗಿದಿದೆ ಎಂದರು. ಫಲಿತಾಂಶ ಪ್ರಕಟವಾದ ಅರ್ಧ ಗಂಟೆಯೊಳಗೆ ಕೊಡಬೇಕಂತೆ. ಎಲ್ಲಿ ಪ್ರಕಟವಾಯಿತು? ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಆ ತೋಟದಲ್ಲಿ ಮೊಬೈಲ್ ಸಿಗ್ನಲ್ ಬರುವುದು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಮಾತ್ರ. ಹತ್ತುವ ಸ್ಪರ್ಧೆಯೂ ಇದೆಯೆಂದು ನಿಮ್ಮ ಪುಸ್ತಿಕೆಯಲ್ಲಿ ಎಲ್ಲಿಯೂ ಬರೆದಿಲ್ಲ.

ನಿಮ್ಮವರಿಗೆ ಶಿಸ್ತೇ ಇಲ್ಲ ಎಂದು ಹೇಳುವುದಿಲ್ಲ. ಬೆಳಿಗ್ಗೆ ತಪಾಸಣೆಯಲ್ಲಿ ನನ್ನ ನಂಬರ್ ಪ್ಲೇಟಿಗೆ ಮೂರರ ಬದಲು ಎರಡೇ ಕೇಬಲ್ ಟೈ ಇದೆಯೆಂದು ಸಾಲಿನಿಂದ ಹೊರಗೆ ಕಳಿಸಿದರು. ಮೂರನೆಯದನ್ನು ನಿಮ್ಮದೇ ಮಳಿಗೆಯಲ್ಲಿ ₹20 ಕೊಟ್ಟು ಕೊಂಡೆ. ಒಂದು ಕೇಬಲ್ ಟೈ ಇಲ್ಲದ್ದನ್ನು ಹಿಡಿದ ಕಣ್ಣುಗಳಿಗೆ, ಹಸಿರು ತೋಟದ ನಡುವೆ ಒಂದು ಗಜದ ಕೆಂಪು ಬಟ್ಟೆ ಕಾಣಲಿಲ್ಲ.

ಈಗ ಮಿಂಚಂಚೆಯ ವಿಚಾರ. ‘ನಿಮ್ಮ ಅವಿಸ್ಮರಣೀಯ ಕ್ಷಣಗಳು ಸಿದ್ಧವಾಗಿವೆ’ ಎಂದು ನಿಮ್ಮ ಅಧಿಕೃತ ಛಾಯಾಗ್ರಾಹಕರು ತೆಗೆದ ನನ್ನ ಫೋಟೊ ಕಳಿಸಿದ್ದೀರಿ. ಬೆಲೆ ₹450. ಫೋಟೊದಲ್ಲಿ ನಾನು ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು ನಿಂತಿದ್ದೇನೆ. ಎದುರಿಗೆ ಕಿತ್ತಳೆ ಅಂಗಿಯ ಹುಡುಗ. ಅವನ ಕೈಯಲ್ಲಿ, ನಿಮ್ಮ ದಾಖಲೆಯಲ್ಲಿ ಇಲ್ಲದ ಕೆಂಪು ಬಾವುಟ! ಮೂಲೆಯಲ್ಲಿ ದಿನಾಂಕ, ಸಮಯ, ಅಡ್ಡಲಾಗಿ ನಿಮ್ಮ ಸಂಸ್ಥೆಯ ಲಾಂಛನ. ಹಣ ಕಟ್ಟಿ ಕೊಂಡಿದ್ದೇನೆ, ರಸೀದಿಯೂ ಬಂದಿದೆ. ಬಿಲ್ಲಿಲ್ಲದೆ ಒಂದು ಮಾತ್ರೆಯನ್ನೂ ಮಾರದವನು ನಾನು. ನನ್ನ ವಿರುದ್ಧದ ಸುಳ್ಳಿಗೆ ಉತ್ತರವನ್ನು ನಿಮ್ಮಿಂದಲೇ ಬಿಲ್ ಸಹಿತ ಪಡೆದದ್ದು ಸಂತೋಷ ತಂದಿತು. ಅದೇ ಮಿಂಚಂಚೆಯ ಕೊನೆಗೆ ನನ್ನ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೇನೆಂದು ಕೇಳಿದ್ದೀರಿ. ಇದನ್ನೇ ಉತ್ತರವೆಂದು ತಿಳಿಯಿರಿ.

ಮರು ಓಟ ಈಗ ಸಾಧ್ಯವಿಲ್ಲ, ಗೊತ್ತಿದೆ. ಡಿಎನ್‌ಎಫ್ ತೆಗೆದು, ಕೆಂಪು ಬಾವುಟದಿಂದ ಓಟ ನಿಂತಿತೆಂದು ಫಲಿತಾಂಶ ಪಟ್ಟಿಯಲ್ಲಿ ಬರೆಯಬೇಕು. ಶುಲ್ಕ ಹಿಂದಿರುಗಿಸಬೇಕು. ‘ಮುಂದಿನ ಸಲ ನಿಲ್ಲಬೇಡಿ’ ಎಂಬ ಮಾತು ಸಂಸ್ಥೆಯ ನಿಲುವೋ ಆ ಮಹನೀಯರ ಸ್ವಂತದ್ದೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ನಿಜ ಹೇಳಬೇಕೆಂದರೆ, ನೀವು ಇದಾವುದನ್ನೂ ಮಾಡುತ್ತೀರೆಂಬ ನಂಬಿಕೆ ನನಗಿಲ್ಲ. ಮಾಡದಿದ್ದರೆ ನನಗೇನೂ ಬೇಸರವೂ ಇಲ್ಲ.

ಏಕೆಂದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ನಾನು ಬೆಂಗಳೂರಿಗೆ ಬರುವುದಿಲ್ಲ. ನೀವು ಹಾಸನಕ್ಕೆ ಬರುತ್ತೀರಿ. ನನ್ನಂಥ ಸಣ್ಣ ಮೊತ್ತದ ದೂರಿಗೆ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ‘ಆಯೋಜಕರ ತೀರ್ಮಾನವೇ ಅಂತಿಮ’ ಎಂದು ಸಹಿ ಹಾಕಿಸಿಕೊಂಡ ನಿಮ್ಮ ಕಾಗದವನ್ನು ಅಗತ್ಯವಾಗಿ ತನ್ನಿ. ಏಕಪಕ್ಷೀಯ ಕರಾರುಗಳ ಬಗ್ಗೆಯೂ ಅದೇ ಕಾಯ್ದೆ ಮಾತಾಡುತ್ತದೆ. ಅಷ್ಟರಲ್ಲಿ ಆ ಫೋಟೊ ಮತ್ತು 14, 15ನೇ ನಿಯಮಗಳ ಪ್ರತಿ ನಿಮ್ಮ ಬ್ಯಾನರಿನ ಮೇಲಿದ್ದ ಪ್ರಾಯೋಜಕರೆಲ್ಲರಿಗೂ, ನಿಮಗೆ ವಿಮೆ ಕೊಟ್ಟ ಕಂಪನಿಗೂ, ತೋಟದ ಮಾಲೀಕರಿಗೂ ತಲುಪಿರುತ್ತದೆ. ಬಾವುಟ ಕಂಡರೂ ನಿಲ್ಲಬೇಡಿ ಎನ್ನುವ ಆಯೋಜಕರಿಗೆ ಮುಂದಿನ ವರ್ಷವೂ ವಿಮೆ ಕೊಡುತ್ತಾರೆಯೇ ಎಂದು ವಿಮಾ ಕಂಪನಿಯನ್ನು ಬೇರೆಯಾಗಿಯೇ ಕೇಳುತ್ತೇನೆ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ದಯವಿಟ್ಟು ಫೋನ್ ಮಾಡಬೇಡಿ. ನಾನು ಹೊರಗೆ ಹೋಗಿರುತ್ತೇನೆ.

ಇತಿ,
ನಲವತ್ತು ದಾಟಿದವರ ವಿಭಾಗ, ನಂಬರ್ ಪ್ಲೇಟ್ 127
ಹಾಸನ

ಲಗತ್ತು: ಫೋಟೊ, ₹450ರ ರಸೀದಿ, ನಿಮ್ಮದೇ ನಿಯಮ ಪುಸ್ತಿಕೆಯ ಪ್ರತಿ