ಸೀನನಿಗೆ, ಬುಟ್ಟಿ ವಿಷಯವಾಗಿ

ಲೋ ಸೀನ,

ಹೇಗಿದ್ದೀಯ? ಹಸಿರು ಛತ್ರಿ ಹೇಗಿದೆ? ಇದನ್ನ ಎಲ್ಲರೆದುರು ಕೇಳಬಾರದಿತ್ತು. ಕೇಳಿಬಿಟ್ಟೆ, ಹೋಗಲಿ ಬಿಡು.

ಫೋನ್ ಮಾಡಿದರೆ ಎರಡೇ ನಿಮಿಷಕ್ಕೆ "ಇಡ್ತೀನೋ, ಗಿರಾಕಿ ಬಂದ್ರು" ಅನ್ನುತ್ತೀಯ. ಅದಕ್ಕೇ ಈ ಪತ್ರ. ನಾಲ್ಕು ಜನ ಓದೋ ಕಡೆ ಹಾಕಿದರೆ ನಿನಗೂ ತಪ್ಪಿಸಿಕೊಳ್ಳೋಕೆ ಆಗಲ್ಲ. ನೀನು ಓದದಿದ್ದರೂ ನಿನ್ನ ಮನೆಯವರು ಓದಿ ಹೇಳುತ್ತಾರೆ. ಅವರಿಗೆ ನಮಸ್ಕಾರ.

ಒಂದು ಸಣ್ಣ ಸಮಸ್ಯೆ ಆಗಿದೆ. ಈ ಶನಿವಾರ ನಾನು ಹನ್ನೊಂದು ಜನ ಇಂಗ್ಲಿಷರ ಮುಂದೆ ಕೂತು ಬಿದಿರು ಬುಟ್ಟಿ ಹೆಣೆದು ತೋರಿಸಬೇಕು. ನಗಬೇಡ.

ಮೊದಲಿಂದ ಹೇಳುತ್ತೇನೆ. ಇಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿಂದ ಸ್ವಲ್ಪ ದೂರದಲ್ಲಿ ಒಂದು ಹಳೇ ತೋಟ ಇದೆ. ಹಿಂದೆ ಯಾವುದೋ ದೊಡ್ಡ ಮನೆಯವರದು. ಸುತ್ತ ಆಳೆತ್ತರಕ್ಕಿಂತ ಜಾಸ್ತಿ ಇಟ್ಟಿಗೆ ಗೋಡೆ. ಕೇಳೋರಿಲ್ಲದೆ ಎಷ್ಟೋ ವರ್ಷ ಮುಳ್ಳು ತುಂಬಿ ಹಾಳು ಬಿದ್ದಿತ್ತು. ಈಗ ಊರಿನವರೇ ಸೇರಿಕೊಂಡು ಅದನ್ನ ಮೊದಲಿದ್ದ ಹಾಗೆ ಮಾಡುತ್ತಿದ್ದಾರೆ. ಶನಿವಾರ ಶನಿವಾರ ನಾನೂ ಹೋಗುತ್ತೇನೆ. ಸಂಬಳ ಇಲ್ಲ, ಟೀ ಬಿಸ್ಕತ್ತು ಇದೆ. "ಬಿಟ್ಟಿ ಚಾಕರಿ ಮಾಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ" ಅಂತ ನಿಮ್ಮಪ್ಪ ಕೇಳುತ್ತಾರೆ. ಕೇಳಲಿ.

ಅಲ್ಲಿ ಎಲ್ಲವೂ ಹಳೇ ಪದ್ಧತಿಯಲ್ಲೇ ಆಗಬೇಕು. ಗೋಡೆಗೆ ಸುಣ್ಣದ ಗಾರೆ ಮಾತ್ರ. ಹಿಂದೆ ಯಾವನೋ ಪುಣ್ಯಾತ್ಮ ಅಲ್ಲಲ್ಲಿ ಸಿಮೆಂಟ್ ಮೆತ್ತಿದ್ದಾನೆ, ಅಲ್ಲೆಲ್ಲ ಇಟ್ಟಿಗೆಯ ಮುಖ ಸಿಪ್ಪೆ ಎದ್ದು ಉದುರುತ್ತಿದೆ. ಗೋಡೆ ಕುಡಿದ ನೀರು ಗಾರೆಯ ಸಂದಿನಿಂದ ಆರಬೇಕಂತೆ. ಸಿಮೆಂಟ್ ಬಿಡಲ್ಲ. ನೀರು ಇಟ್ಟಿಗೆಯೊಳಗೇ ಉಳಿಯುತ್ತೆ, ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತೆ, ಇಟ್ಟಿಗೆ ಸೀಳುತ್ತೆ. ಗಾರೆಗೂ ಚಳಿ ಆಗಿಬರಲ್ಲ. ಹಾಗಾಗಿ ಚಳಿಗಾಲದಲ್ಲಿ ಗೋಡೆ ಕೆಲಸ ಬಂದ್. ಆಗ ಹೆಣೆಯೋ ಕೆಲಸ.

ಹೇಜಲ್ ಅಂತ ಒಂದು ಗಿಡ. ಚಳಿಗಾಲದಲ್ಲಿ ಅದನ್ನ ಬುಡದವರೆಗೂ ಸವರಿಬಿಡುತ್ತಾರೆ. ಸತ್ತೇಹೋಯಿತು ಅನ್ನಬೇಕು, ಹಾಗೆ. ಆಮೇಲೆ ಅದೇ ಬುಡದಿಂದ ನೆಟ್ಟಗೆ, ಕೋಲಿನ ಹಾಗೆ ಹತ್ತಾರು ಚಿಗುರು ಎದ್ದು ಬರುತ್ತೆ. ಏಳೆಂಟು ವರ್ಷ ಬಿಟ್ಟು ಮತ್ತೆ ಕಡಿಯೋದು. ಆ ಕೋಲು ಸೀಳಿ ಹೆಣೆದರೆ ಬೇಲಿ. ಇವರು ಹರ್ಡಲ್ ಅನ್ನುತ್ತಾರೆ. ನೋಡಿದ ಕೂಡಲೇ ನನ್ನ ಬಾಯಲ್ಲಿ ಬಂದದ್ದು "ಅಯ್ಯೋ, ತಡಿಕೆ!" ಕೊನೇ ಗೂಟ ಸುತ್ತಿ ಕೋಲನ್ನ ಹಿಂದಕ್ಕೆ ತಿರುಗಿಸಬೇಕು ನೋಡು, ಅಲ್ಲಿದೆ ಗುಟ್ಟು. ಸುಮ್ನೆ ಬಗ್ಗಿಸಿದರೆ ಲಟಕ್ ಅನ್ನುತ್ತೆ. ಬಗ್ಗಿಸುತ್ತಲೇ ಬಟ್ಟೆ ಹಿಂಡೋ ಹಾಗೆ ತಿರುಚಬೇಕು. ಆಗ ನಾರು ಬಿಡಿಸಿಕೊಂಡು ಹಗ್ಗದ ಹಾಗೆ ಬಳುಕುತ್ತೆ. ನಾನು ಮೊದಲ ದಿನ ಹದಿನಾಲ್ಕು ಕೋಲು ಮುರಿದೆ. ಕಲಿಸೋರು ರಿಟೈರ್ ಆದ ಬಸ್ ಡ್ರೈವರ್, ತಾಳ್ಮೆ ಜಾಸ್ತಿ. "ಪರವಾಗಿಲ್ಲ, ಒಲೆಗಾಯಿತು" ಅಂದರು.

ಆಮೇಲೆ ವಿಲ್ಲೋ ಅನ್ನೋ ಮರದ ಬಳುಕೋ ಕಡ್ಡಿಯ ಬುಟ್ಟಿ. ಒಣಗಿದ ಕಡ್ಡಿಯನ್ನ ನೀರಲ್ಲಿ ನೆನೆಸಬೇಕು, ಒಂದಡಿ ಉದ್ದಕ್ಕೆ ಒಂದು ದಿನದ ಲೆಕ್ಕ. ಆರಡಿ ಕಡ್ಡಿಗೆ ಹತ್ತಿರ ಹತ್ತಿರ ಒಂದು ವಾರ. ತಳಕ್ಕೆ ಮೂರು ಕಡ್ಡಿಯನ್ನ ನಡುವೆ ಸೀಳಿ, ಆ ಸೀಳಿನಲ್ಲಿ ಇನ್ನು ಮೂರನ್ನ ಅಡ್ಡ ತೂರಿಸೋದು. ಬುಟ್ಟಿಯ ಹಣೆಬರಹವೆಲ್ಲ ಆ ಕೂಡುಗಟ್ಟಿನಲ್ಲೇ. ಅದು ಸೊಟ್ಟ ಆದರೆ ಮೇಲೆ ಏನು ಮಾಡಿದರೂ ಸೊಟ್ಟವೇ. ನನ್ನ ಮೊದಲ ಬುಟ್ಟಿ ನೋಡಿದರೆ ನಮ್ಮ ಗಣಿತದ ಮೇಷ್ಟ್ರು ನಡೆದು ಬಂದ ಹಾಗಿತ್ತು.

ಮೇ ತಿಂಗಳಲ್ಲಿ ಎಲ್ಲರೂ ಕಾರ್ನ್‌ವಾಲ್‌ನ ಹೆಲಿಗನ್ ತೋಟಕ್ಕೆ ಹೋಗಿದ್ದೆವು. ಕಾರ್ನಿಷ್ ಭಾಷೆಯಲ್ಲಿ ಆ ಹೆಸರಿಗೆ ವಿಲ್ಲೋ ಮರ ಅಂತಲೇ ಅರ್ಥ. ಟ್ರೆಮೇನ್ ಅನ್ನೋ ಮನೆತನದ್ದು. ಮೊದಲ ಮಹಾಯುದ್ಧಕ್ಕೆ ಮುಂಚೆ 22 ಜನ ಮಾಲಿಗಳಿದ್ದರಂತೆ. ಯುದ್ಧ ಬಂತು, ಆಳುಗಳು ಹೋದರು, ಹಲವರು ವಾಪಸ್ ಬರಲೇ ಇಲ್ಲ, ತೋಟ ನಿಧಾನವಾಗಿ ಕಾಡಾಯಿತು. 1990ರಲ್ಲಿ ಆ ಮನೆತನದ ಜಾನ್ ವಿಲ್ಲಿಸ್ ಮತ್ತು ಟಿಮ್ ಸ್ಮಿಟ್ ಅನ್ನೋರು ಮುಳ್ಳು ಕಡಿದುಕೊಂಡು ಒಳಗೆ ನುಗ್ಗಿದರು. 1992ಕ್ಕೆ ಜನರಿಗೆ ತೆರೆದರು. ಅಲ್ಲಿ ಅನಾನಸ್ ಬೆಳೆಯೋ ಗುಂಡಿ ಇದೆ ಮಾರಾಯ! ಈ ಚಳಿಯಲ್ಲಿ! ಎರಡೂ ಬದಿಗೆ ಕುದುರೆ ಲದ್ದಿ ತುಂಬುತ್ತಾರೆ, ಅದು ಕೊಳೆಯುವಾಗ ಬರೋ ಕಾವೇ ಗಿಡಕ್ಕೆ ಬಿಸಿ. ನಮ್ಮ ತಿಪ್ಪೆಯ ಮೇಲೆ ಬೆಳಿಗ್ಗೆ ಹೊಗೆ ಏಳುತ್ತಿರಲಿಲ್ವಾ, ಅದೇ. ಸಂತೆಯಲ್ಲಿ ನೀನು ಚೌಕಾಸಿ ಮಾಡಿ ತರೋ ಹಣ್ಣಿಗೆ ಇಷ್ಟು ಸೇವೆ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಅನಾನಸ್ ಅಲ್ಲ. ಅಲ್ಲಿ ಮಾಲಿಗಳ ಒಂದು ಕಕ್ಕಸು ಇದೆ, ಥಂಡರ್‌ಬಾಕ್ಸ್ ರೂಮ್ ಅಂತ ಹೆಸರು. ಅದರ ಸುಣ್ಣದ ಗೋಡೆಯ ಮೇಲೆ ಆ ಮಾಲಿಗಳು ತಮ್ಮ ಹೆಸರು ಬರೆದಿದ್ದಾರೆ. ಜೊತೆಗೆ ಒಂದು ತಾರೀಖು, 1914 ಆಗಸ್ಟ್. ಮಸುಕಾಗಿದೆ, ಕಣ್ಣು ಕಿರಿದು ಮಾಡಿ ನೋಡಬೇಕು. 2013ರಲ್ಲಿ ಇಂಪೀರಿಯಲ್ ವಾರ್ ಮ್ಯೂಸಿಯಂ ಆ ಕಕ್ಕಸನ್ನೇ ಯುದ್ಧದ ಸ್ಮಾರಕ ಅಂತ ದಾಖಲಿಸಿಕೊಂಡಿದೆ. ನಾವು ಹತ್ತನೇ ಕ್ಲಾಸಿನಲ್ಲಿ ಅಂಥದ್ದೇ ಗೋಡೆಯ ಮೇಲೆ ಬರೆದದ್ದನ್ನ ಯಾರೂ ದಾಖಲಿಸಿಕೊಳ್ಳದಿದ್ದದ್ದು ನಮ್ಮ ಪುಣ್ಯ.

ಇಷ್ಟಕ್ಕೇ ನಿಲ್ಲಿಸಬೇಕು ಅಂತಿದ್ದೆ. ತಮಾಷೆಯಾಗಿಯೇ ಮುಗಿದಿರೋದು.

ಹೋದ ಶನಿವಾರ ಟೀ ಹೊತ್ತಲ್ಲಿ ಡ್ರೈವರ್ ಅಜ್ಜ ಕೇಳಿದರು, "ನಿಮ್ಮ ಕಡೆ ಬುಟ್ಟಿ ಹೆಣೀತಾರಾ?" ನಾನು ಶುರುಮಾಡಿದೆ. ಬಿದಿರು ಅಂದೆ, ಮೊರ ಅಂದೆ, ಮಂಕರಿ ಅಂದೆ, ಗೌರಿ ಹಬ್ಬಕ್ಕೆ ಮೊರದ ಬಾಗಿನ ಅಂದೆ. ಎಲ್ಲಾ "ನಮ್ಮ", "ನಮ್ಮ". ನಮ್ಮ ಕಲೆ, ನಮ್ಮ ಪರಂಪರೆ. ಎಲ್ಲರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಆ ಹುರುಪಿನಲ್ಲಿ ಒಂದು ಮಾತು ಜಾರಿತು. "ಸ್ಕೂಲಲ್ಲಿ ನಾನೊಂದು ಬುಟ್ಟಿ ಹೆಣೆದು ಮೊದಲನೇ ಬಹುಮಾನ ತಗೊಂಡಿದ್ದೆ."

ಚಪ್ಪಾಳೆ ಹೊಡೆದರು ಕಣೋ.

ನಿನಗೆ ಗೊತ್ತು. ಗೊತ್ತಿರೋದು ನಿನಗೊಬ್ಬನಿಗೇ. ಅಲ್ಲ, ಇಬ್ಬರಿಗೆ.

ಏಳನೇ ಕ್ಲಾಸು, ವಸ್ತುಪ್ರದರ್ಶನ. ಆ ಹೂಬುಟ್ಟಿ ಹೆಣೆದದ್ದು ಮೇದರ ಕೇರಿಯ ಅವನು. ಸ್ಕೂಲ್ ಹಿಂದಿನ ಹೊಂಗೆ ಮರದ ಕೆಳಗೆ ಕೂತು, ಕಾಲ್ಬೆರಳಲ್ಲಿ ಸೀಳು ಒತ್ತಿ ಹಿಡಿದು, ಒಂದು ಮಧ್ಯಾಹ್ನದಲ್ಲಿ ಮುಗಿಸಿದ. ನಾನು ಕೊಟ್ಟದ್ದು ಅರ್ಧ ಖಾಲಿಯಾದ ಒಂದು ಪೆನ್ನು. ನೀನು ಕಾವಲು, ನಿನ್ನ ಪಾಲು ಕಡ್ಲೆಮಿಠಾಯಿ. ಇಷ್ಟಾದರೆ ಹುಡುಗಾಟ ಅಂತ ಬಿಡಬಹುದಿತ್ತು. ಆದರೆ ಅವನೂ ತನ್ನದೇ ಒಂದು ಬುಟ್ಟಿ ತಂದಿದ್ದ, ಮುಚ್ಚಳ ಇರೋದು. ಮೇಷ್ಟ್ರು ಏನಂದರು ನೆನಪಿದೆಯಾ? "ನಿಂದು ಮನೆ ಕಸುಬು ಕಣೋ, ಅದು ಕ್ರಾಫ್ಟ್ ಅಲ್ಲ." ಮೇಜಿನ ಮೇಲೆ ಇಡೋಕೂ ಬಿಡಲಿಲ್ಲ. ಅದೇ ಕೈ ಹೆಣೆದ ಇನ್ನೊಂದು ಬುಟ್ಟಿ ನನ್ನ ಹೆಸರಲ್ಲಿ ಮೊದಲನೇ ಬಹುಮಾನ ತಗೊಂಡಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡಿದ. ನಾನು ಚೀಟಿ ಅಂಟಿಸೋ ಕೆಲಸದಲ್ಲಿ ಬಿಜಿ ಆದೆ.

ಈಗ ನನ್ನ ಎರಡೂ ಹೆಬ್ಬೆರಳಲ್ಲಿ ಗೀರು. ಕಡ್ಡಿ ತಿರುವಿ ತಿರುವಿ ಚರ್ಮ ಸುಲಿದು ಗಟ್ಟಿಯಾಗಿದೆ. ಅವನ ಬೆರಳು ಆಗಲೇ ಹೀಗಿತ್ತು, ಹನ್ನೆರಡು ವರ್ಷಕ್ಕೆ. ಬಹುಮಾನ ಕೊಡೋರು ನನ್ನ ಕೈ ಒಂದು ಸಲ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಅವನಮ್ಮ ಮೊರ ತಂದರೆ ಅಜ್ಜಿ ಜಗಲಿಯ ಕೆಳಗೇ ಇಡಿಸಿ, ನೀರು ಚಿಮುಕಿಸಿ ಒಳಗೆ ತಗೊಳ್ಳುತ್ತಿದ್ದಳು. ಬಾಗಿನಕ್ಕೆ ಅದೇ ಮೊರ. "ನಮ್ಮ ಪರಂಪರೆ" ಅಂತ ಇಂಗ್ಲಿಷರಿಗೆ ಹೇಳುವಾಗ ಆ ನೀರಿನ ಚೊಂಬು ಮಾತ್ರ ನನಗೆ ನೆನಪಾಗಲಿಲ್ಲ ನೋಡು. ರಾತ್ರಿ ಬಸ್ಸಲ್ಲಿ ಬರುವಾಗ ಆಯಿತು.

ಆ ಬಹುಮಾನದ ಸ್ಟೀಲ್ ಲೋಟ ಅಮ್ಮನ ಹತ್ತಿರ ಈಗಲೂ ಇದೆ, ನನ್ನ ಹೆಸರು ಕೆತ್ತಿಸಿರೋದು. ಇಲ್ಲಿ ಅವನ ಹೆಸರು ಬರೆಯೋಣ ಅಂದುಕೊಂಡೆ. ಅವನನ್ನ ಕೇಳದೆ ಬರೆಯೋದು ತಪ್ಪು ಅನಿಸಿತು. ಚೆನ್ನಾಗಿದೆ ಅಲ್ವಾ ಸಬೂಬು? ಮೂವತ್ತು ವರ್ಷದಿಂದ ಇಂಥದ್ದೇ ಏನಾದರೂ ಒಂದು ಸಿಗುತ್ತಲೇ ಇದೆ.

ಸರಿ ಸರಿ. ತುಂಬಾ ಆಯಿತು. ಇದನ್ನ ಓದಿ ಯಾರಾದರೂ ಕಣ್ಣೀರು ಹಾಕಿದರೆ ನನಗೆ ಇನ್ನೊಂದು ಲೋಟ ಬಂದ ಹಾಗೆ. ಅದು ಬೇಡ.

ಸಮಸ್ಯೆ ಹಾಗೇ ಇದೆ. ಅಜ್ಜ ಎಲ್ಲಿಂದಲೋ ಬಿದಿರು ಹುಡುಕಿ ತಂದಿಟ್ಟಿದ್ದಾರೆ. ಬೇಲಿಗೆ ಬೆಳೆಸೋ ಬಿದಿರು, ನನ್ನ ಕಿರುಬೆರಳಿಗಿಂತ ಸ್ವಲ್ಪ ದಪ್ಪ. ನಿನ್ನೆ ಅಡುಗೆಮನೆಯಲ್ಲಿ ಒಂದು ಸೀಳಿ ನೋಡಿದೆ. ಅಂಗೈಗೆ ಸಿಬಿರು, ನೆಲಕ್ಕೆ ಗೀರು, ಹೆಂಡತಿಯ ಬಾಯಿಗೆ ಕೆಲಸ. ನಿಜ ಹೇಳಿಬಿಡಲಾ? ಹೇಳಿದರೆ "ಕಸುಬು", "ಕ್ರಾಫ್ಟ್" ಎರಡಕ್ಕೂ ವ್ಯತ್ಯಾಸ ಏನು ಅಂತ ಕೇಳುತ್ತಾರೆ. ಇಂಗ್ಲಿಷಲ್ಲಿ ಅದನ್ನ ವಿವರಿಸೋಕೆ ಹೋಗಿ ನೋಡು ಒಂದು ಸಲ.

ಅವನು ಎಲ್ಲಿದ್ದಾನೆ ಅಂತ ನಿನಗೇನಾದರೂ ಗೊತ್ತಾ? ಗೊತ್ತಿದ್ದರೆ ಇಲ್ಲಿ ಹೇಳಬೇಡ, ಫೋನ್ ಮಾಡು. ಶುಕ್ರವಾರದೊಳಗೆ. ಯಾಕೆಂದರೆ ಶನಿವಾರ ಬೆಳಿಗ್ಗೆ ನನಗೆ ಜ್ವರ ಬರುತ್ತೆ ಅಂತ ಈಗಲೇ ಅನಿಸುತ್ತಿದೆ.

ನಿನ್ನ,
ಬಹುಮಾನ ವಿಜೇತ

ತಾ.ಕ.: ಲೋಟದ ವಿಷಯ ಅಮ್ಮನಿಗೆ ಹೇಳಬೇಡ. ಅದರಲ್ಲೇ ದಿನಾ ಕಾಫಿ ಕುಡಿಯುತ್ತಾಳೆ. ಕಡ್ಲೆಮಿಠಾಯಿ ನೀನೂ ತಿಂದಿದ್ದೀಯ.